ನಾಲ್ಕು ತಾಸಿನ ಕೀರ್ತನೆ: ಡಯಾಲಿಸಿಸ್ ಮಂಚದಲ್ಲಿ ನನ್ನ ಅನುಭವ

ಹೋದ ತಿಂಗಳು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ಚಹಾ ಕುಡಿದರು, ಮಳೆ ಮಾತಾಡಿದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ನಿನ್ನ ಆ ಕೀರ್ತನೆ ಪಟ್ಟಿ ಐತಲ್ಲ, ಒಂದು ಝೆರಾಕ್ಸ್ ಕೊಡು. ನಮ್ಮನೆಯಾಕೆಗೂ ಡಯಾಲಿಸಿಸ್ ಅಂದಾರ" ಅಂದರು. ಪಟ್ಟಿ ಅಂದರೆ ಡಯಾಲಿಸಿಸ್ ಹೊತ್ತಿನಲ್ಲಿ ನಾನು ಓದುವ ಸತ್ಯವೇದದ (ಬೈಬಲ್ಲಿನ) ಕೀರ್ತನೆಗಳದು, ಹೆಚ್ಚಿನವು ದೇವರ ಜೊತೆ ತಕರಾರು ಮಾಡುವಂಥವು. ಮೂರು ವರ್ಷದ ಹಿಂದೆ ಇದೇ ಹಿರಿಯರು ಅದೇ ಬಾಗಿಲಲ್ಲಿ ನಿಂತು, "ದೇವರ ಮುಂದ ಗೊಣಗಿದ ಇಸ್ರಾಯೇಲ್ಯರು ಅಡವ್ಯಾಗ ಸತ್ತರು, ನೆನಪಿರಲಿ ತಮ್ಮಾ" ಅಂದಿದ್ದರು. ಝೆರಾಕ್ಸ್ ಕೊಟ್ಟೆ. ಹಳೆಯ ಮಾತು ಎತ್ತಲಿಲ್ಲ. ಇಲ್ಲಿ ಮಾತ್ರ ಎತ್ತುತ್ತಿದ್ದೇನೆ.

ನನ್ನ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಬಾಸೆಲ್ ಮಿಷನ್‌ನ ಕ್ರೈಸ್ತ ಪಾದ್ರಿಗಳು 1851ರಲ್ಲಿ ಇಲ್ಲಿ ಕೆಲಸ ಶುರು ಮಾಡಿದರು. ನಮ್ಮ ಮನೆತನ ಆಗಿನಿಂದ ಸಭೆಯಲ್ಲಿದೆ ಅಂತ ನಮ್ಮಜ್ಜ ಹೇಳುತ್ತಿದ್ದ. ಮಗ್ಗ ಅದಕ್ಕಿಂತ ಹಳೆಯದು. ನಾವು ಕುಪ್ಪಸದ ಖಣ ನೇಯುವವರು. ನನ್ನ ಕಿಡ್ನಿ ಕೈಕೊಟ್ಟು ಐದು ವರ್ಷ ಆಯಿತು. ಆಗಿನಿಂದ ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಯಂತ್ರ ರಕ್ತ ಸೋಸುವುದು, ಒಂದು ಸಲಕ್ಕೆ ನಾಲ್ಕು ತಾಸು. ಸೂಜಿ ಚುಚ್ಚಿ ರಕ್ತ ಯಂತ್ರಕ್ಕೆ ಕಳಿಸಲು ಕೈಯ ರಕ್ತನಾಳಗಳನ್ನು ಕೂಡಿಸುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಫಿಸ್ಟುಲಾ ನನ್ನ ಎಡಗೈಗೆ ಮಾಡಿದರು. ಮಗ್ಗದ ಹಣಿಗೆ ಎಳೆದು ಬಡಿಯುವ ಕೈ ಅದು. ಆ ಕೈಗೆ ಭಾರ ಬೀಳಬಾರದು ಅಂದರು. ಅಲ್ಲಿಗೆ ಮಗ್ಗ ನಿಂತಿತು.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಅದನ್ನು ಲೆಕ್ಕದ ಸಮೇತ ಹೇಳುತ್ತೇನೆ. ಯಾಕೆಂದರೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಶುರುವಿಗೆ ಸ್ವಸ್ಥತೆ ಕೂಟಗಳು, ಪ್ರಾರ್ಥನೆಯಿಂದಲೇ ರೋಗ ವಾಸಿ ಮಾಡುತ್ತೇವೆ ಅನ್ನುವವರವು. ದೂರದ ಊರಿಗೆ ಗಾಡಿ ಬಾಡಿಗೆ ಒಂದು ಸಲಕ್ಕೆ ನಾಲ್ಕೂವರೆ ಸಾವಿರ. ಹೀಗೆ ಆರೇಳು ಸಲ ಹೋಗಿರಬೇಕು. ಅವರು ಪ್ರಾರ್ಥಿಸಿ ಕೊಟ್ಟ ಎಣ್ಣೆ ಬಾಟಲಿ ಮುನ್ನೂರು ರೂಪಾಯಿ. ಅದರಲ್ಲಿದ್ದದ್ದು ಕೊಬ್ಬರಿ ಎಣ್ಣೆ, ನನ್ನ ಹೆಂಡತಿ ಮೂಸಿ ನೋಡಿಯೇ ಹೇಳಿದಳು. ಆಮೇಲೆ 'ಬೀಜದ ಕಾಣಿಕೆ'. ಹತ್ತು ಸಾವಿರ ಬಿತ್ತಿದರೆ ನೂರರಷ್ಟು ಬರುತ್ತದೆ ಅಂದರು. ಒಂದು ಹಳೆಯ ಮಗ್ಗ ಮಾರಿ ಬಿತ್ತಿದೆ. ಏನೂ ಮೊಳೆಯಲಿಲ್ಲ. ಉಪವಾಸ ಪ್ರಾರ್ಥನೆಯನ್ನೂ ಮಾಡಿದೆ. ನಮ್ಮಂಥ ರೋಗಿ ಉಪವಾಸ ಮಾಡಿ, ಸಂಜೆ ಖರ್ಜೂರ ತಿಂದು ಬಿಟ್ಟರೆ ಅದರ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ, ಎದೆಬಡಿತಕ್ಕೇ ಕುತ್ತು.

ಕೊನೆಯದು ಎಲ್ಲಕ್ಕಿಂತ ತುಟ್ಟಿಯದು. ಒಬ್ಬ ಬೋಧಕರು ತಲೆಯ ಮೇಲೆ ಕೈಯಿಟ್ಟು, "ನಿನಗೆ ವಾಸಿಯಾಗಿದೆ. ಮತ್ತೆ ಯಂತ್ರಕ್ಕೆ ಹೋದರೆ ಅದು ಅಪನಂಬಿಕೆ" ಅಂದರು. ನಾನು ಹೋಗಲಿಲ್ಲ. ಮೂರು ಡಯಾಲಿಸಿಸ್ ತಪ್ಪಿಸಿದೆ, ನಾಲ್ಕಿರಲೂಬಹುದು. ಎಂಟನೆಯದೋ ಒಂಬತ್ತನೆಯದೋ ರಾತ್ರಿ ಮಲಗಲು ಆಗಲಿಲ್ಲ. ಮಲಗಿದರೆ ಮುಳುಗಿದ ಹಾಗೆ. ಪುಪ್ಪುಸಕ್ಕೆ ನೀರು ತುಂಬಿತ್ತು. ನಸುಕಿನಲ್ಲಿ ಬಾಗಲಕೋಟೆಗೆ ಒಯ್ದರು. ಐಸಿಯುದಲ್ಲಿ ಮೂರು ದಿನ, ಬಿಲ್ಲು ಅರವತ್ತು ಸಾವಿರದ ಮೇಲೆ. ಹೆಂಡತಿಯ ಕೊರಳ ಬೋರಮಾಳ ಸರ ಗಿರವಿಗೆ ಹೋಯಿತು. ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ. ಖಣ ನೇಯುವವನಿಗೆ ಅಷ್ಟು ದುಡ್ಡು ಅಂದರೆ ಎಷ್ಟು ಮಾರು ಬಟ್ಟೆ ಅಂತ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಆ ಐಸಿಯುದಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಾಗ ಹೆಂಡತಿ ಸತ್ಯವೇದ ತೆರೆದು ಓದಿದಳು. ಬೇಕಂತ ಹುಡುಕಿದ್ದಲ್ಲ, ತೆರೆದಾಗ ಬಂದದ್ದು. ಅರವತ್ತೊಂಬತ್ತನೆಯ ಕೀರ್ತನೆ. ನೀರು ಕುತ್ತಿಗೆಯ ತನಕ ಏರಿದೆ, ಕಾಪಾಡು ಅಂತ ಶುರುವಾಗುತ್ತದೆ. ಎರಡು ವಚನ ದಾಟಿದರೆ, ಕೂಗಿ ಕೂಗಿ ಗಂಟಲು ಒಣಗಿದೆ ಅನ್ನುತ್ತದೆ. ಒಳಗೆಲ್ಲ ನೀರು, ಗಂಟಲು ಮಾತ್ರ ಒಣ. ಡಯಾಲಿಸಿಸ್ ರೋಗಿಯ ಹಣೆಬರಹವೇ ಅದು, ಅಲ್ವಾ? ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಸಮಾಧಾನ ಹೇಳುವ ಇಪ್ಪತ್ತಮೂರನೆಯ ಕೀರ್ತನೆ ಬಾಯಿಪಾಠ ಮಾಡಿಸಿದ್ದರು. ಇದನ್ನು ಯಾರೂ ಮಾಡಿಸಿರಲಿಲ್ಲ.

ಮನೆಗೆ ಬಂದ ಮೇಲೆ ಕೂತು ನೋಡಿದೆ. 150 ಕೀರ್ತನೆಗಳಲ್ಲಿ ಹೆಚ್ಚುಕಮ್ಮಿ ಮೂರನೆಯ ಒಂದು ಪಾಲು ತಕರಾರೇ. ಹದಿಮೂರನೆಯದರಲ್ಲಿ ಮೊದಲ ಎರಡು ವಚನದೊಳಗೆ ಕೀರ್ತನೆಗಾರ ನಾಲ್ಕು ಸಲ "ಎಷ್ಟರ ತನಕ" ಅಂತ ದೇವರನ್ನು ಕೇಳುತ್ತಾನೆ. ಬ್ಯಾಂಕಿನವರ ಮುಂದೆ ಹೀಗೆ ಕೇಳಿದರೆ ಹೊರಗೆ ಹಾಕುತ್ತಾರೆ. ದೇವರು ಅದನ್ನು ಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ. ಹಿರಿಯರು ಅಡವಿಯ ಮಾತೆತ್ತಿದಾಗ ನಾನು ಸತ್ಯವೇದದ ಯೋಬನ ಪುಸ್ತಕದ ಕೊನೆಯ ಅಧ್ಯಾಯ ತೋರಿಸಿದೆ. ಕಷ್ಟಕ್ಕೆ ಸಿಕ್ಕು ದೇವರ ಜೊತೆ ವಾದ ಮಾಡಿದವನು ಯೋಬ. ಅಲ್ಲಿ ದೇವರು ಸಿಟ್ಟಾಗುವುದು ಉಪದೇಶ ಮಾಡಿದ ಗೆಳೆಯರ ಮೇಲೆ. ಜಗಳಾಡಿದ ಯೋಬನ ಮಾತೇ ಸರಿ ಅನ್ನುತ್ತಾನೆ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಸುಮ್ನೆ ಹೋದರು.

ಇನ್ನು ನಾನು ಮಾಡಿದ ಪದ್ಧತಿ. ಯೇಸುವಿನ ಅಪೊಸ್ತಲ ಪೌಲನು 'ಶರೀರದ ಮುಳ್ಳು' ಅಂದ ತನ್ನ ಬಾಧೆ ತೆಗೆ ಅಂತ ದೇವರನ್ನು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಬಂತು. ನಾನೂ ಮೂರು ಸಲ, ಮೂರು ಭಾನುವಾರ, ಕಿಡ್ನಿ ಬೇಕು ಅಂತ ಸ್ಪಷ್ಟವಾಗಿ ಕೇಳಿದೆ. ಆಮೇಲೆ ಕೇಳುವುದು ಬಿಟ್ಟೆ. ಇದೇ ಎಲ್ಲರಿಗೂ ತಪ್ಪಾಗಿ ಕಂಡದ್ದು. ನನ್ನ ತಂಗಿ ಅತ್ತಳು, "ಅಣ್ಣಾ, ಆಸೆ ಬಿಟ್ಟಿಯಾ?" ಅಂತ. ಬಿಟ್ಟಿರಲಿಲ್ಲ. ಕೇಳುವುದನ್ನು ಸಣ್ಣದು ಮಾಡಿದೆ, ಅಷ್ಟೇ. ಇವತ್ತಿನ ನಾಲ್ಕು ತಾಸು ಕೊಡು ಅಂತ.

ಆ ನಾಲ್ಕು ತಾಸನ್ನೂ ಹಂಚಿದೆ. ಸೂಜಿ ಚುಚ್ಚಿ ರಕ್ತ ಓಡಲು ಶುರುವಾದ ಮೇಲೆ ಮೊದಲ ತಾಸು ತಕರಾರಿನ ಕೀರ್ತನೆ, ದಿನಕ್ಕೆ ಒಂದೇ. ಮೆಲ್ಲಗೆ, ಆದರೆ ಬಾಯಿಬಿಟ್ಟು ಓದಬೇಕು. ಕಣ್ಣಲ್ಲೇ ಓದಿದರೆ ಏನೂ ಆಗುವುದಿಲ್ಲ, ಎರಡು ತಿಂಗಳು ಮಾಡಿ ನೋಡಿದ್ದೇನೆ. ಎರಡನೆಯ ತಾಸು ನಿದ್ದೆ. ನಿದ್ದೆ ಬರದಿದ್ದರೂ ಕಣ್ಣು ಮುಚ್ಚುವುದು. ಮೂರನೆಯ ತಾಸಿನಲ್ಲಿ ಸಾಲಾಗಿ ಮಲಗಿದ ಉಳಿದವರಿಗಾಗಿ ಪ್ರಾರ್ಥನೆ, ಮಂಚದ ನಂಬರಿನ ಪ್ರಕಾರ. ಹೆಸರು ಗೊತ್ತಿಲ್ಲದಿದ್ದರೂ ನಂಬರ್ ಸಾಕು, ದೇವರಿಗೆ ತಿಳಿಯುತ್ತದೆ. ನಾಲ್ಕನೆಯ ತಾಸು ಮೀನಖಂಡ ಹಿಡಿಯುವ ಹೊತ್ತು. ಅಲ್ಲಿ ಇಪ್ಪತ್ತೆರಡನೆಯ ಕೀರ್ತನೆ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಇದರ ಮೊದಲ ಸಾಲನ್ನೇ. ನೀರಿನಂತೆ ಸುರಿದು ಹೋಗಿದ್ದೇನೆ, ಎಲುಬೆಲ್ಲ ಕೀಲು ತಪ್ಪಿವೆ ಅನ್ನುವ ಮಾತೂ ಇದರಲ್ಲೇ ಇದೆ. ಯಂತ್ರ ಮೈಯಿಂದ ಎರಡೂವರೆ ಲೀಟರ್ ನೀರು ತೆಗೆದ ದಿನ ಆ ಸಾಲು ಓದಿ ನೋಡಿ. ಆ ಕೀರ್ತನೆ ನಡುವೆ ಒಂದು ಕಡೆ ಸ್ತುತಿಗೆ ತಿರುಗುತ್ತದೆ. ಆ ತಿರುವಿಗೂ ಯಂತ್ರ ನಿಲ್ಲುವುದಕ್ಕೂ ತಾಳೆಯಾಗುವಂತೆ ಓದುವುದು ಹೇಗೆ ಅಂತ ಕಂಡುಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಝೆರಾಕ್ಸ್ ಕೇಳಿದ ಹಿರಿಯರಿಗೂ ಹೇಳಿಲ್ಲ.

ನೀರಡಿಕೆ ಬೇರೆಯೇ ಕಥೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು, ಕುಡಿಯಲು ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ. ಹೆಚ್ಚಿಗೆ ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ. ಮೊದಲು ನಾನು ಕದ್ದು ಕುಡಿಯುತ್ತಿದ್ದೆ, ಸ್ವಂತ ಮನೆಯಲ್ಲೇ ಕಳ್ಳ. ಎರಡು ಡಯಾಲಿಸಿಸ್ ನಡುವೆ ತೂಕ ನಾಲ್ಕು ಕೆಜಿ ಏರುತ್ತಿತ್ತು. ಯೋಹಾನನ ಸುವಾರ್ತೆಯಲ್ಲಿ ಯೇಸು "ನನಗೆ ನೀರಡಿಕೆಯಾಗಿದೆ" ಅನ್ನುತ್ತಾನಲ್ಲ, ಅದನ್ನು ಶುಭ ಶುಕ್ರವಾರ ಎಷ್ಟು ಸಲ ಕೇಳಿದ್ದೆನೋ. ಒಂದು ಮಧ್ಯಾಹ್ನ ತಂಬಿಗೆ ಕೈಯಲ್ಲಿ ಹಿಡಿದಾಗ ನೆನಪಾಯಿತು. ಅವನಿಗೂ ಹೀಗೇ ಆಗಿತ್ತಾ ಅಂದುಕೊಂಡೆ. ತಂಬಿಗೆ ಕೆಳಗಿಟ್ಟೆ. ದೊಡ್ಡ ಪವಾಡ ಏನಲ್ಲ. ಸಂಜೆ ಮತ್ತೆ ಎತ್ತಿದೆ, ಎರಡು ಗುಟುಕು ಕುಡಿದೆ. ಈಗ ಏರುವುದು ಎರಡು ಕೆಜಿಯ ಒಳಗೆ. ನಮ್ಮ ಘಟಕದ ಟೆಕ್ನಿಷಿಯನ್ ಹುಡುಗ ಹೊಸ ರೋಗಿಗಳಿಗೆ ನನ್ನ ಚಾರ್ಟ್ ತೋರಿಸುತ್ತಾನೆ. ಮೂರು ವರ್ಷದಲ್ಲಿ ಒಂದೇ ಒಂದು ಡಯಾಲಿಸಿಸ್ ತಪ್ಪಿಸಿದ್ದೇನೆ, ಅದೂ ಬಸ್ ಮುಷ್ಕರದ ದಿನ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಇಯರ್‌ಫೋನ್‌ನಲ್ಲಿ ಭಜನೆ ಕೇಳಿದೆ, ನಿದ್ದೆ ಬಂತು, ಬಿಪಿ ಇಳಿದದ್ದೇ ತಿಳಿಯಲಿಲ್ಲ. ಬಿಟ್ಟೆ. ಕೀರ್ತನೆಗಳನ್ನು ನಮ್ಮ ಆಡುಮಾತಿಗೆ ತಿರುಗಿಸಿದೆ. "ಎಷ್ಟ್ ದಿನಾ ಮರೀತಿಯಪ್ಪಾ ನನ್ನ?" ಅಂತ. ಇದು ಬಹಳ ಚೆನ್ನಾಗಿ ನಡೆಯಿತು. ಪಕ್ಕದ ಮಂಚದ ಲಿಂಗಾಯತ ಕಾಕಾ ಕೇಳಿ ನಕ್ಕು, "ನಮ್ಮ ಬಸವಣ್ಣನೂ ಕೂಡಲಸಂಗಮನ ಕೂಡ ಹಿಂಗ ಜಗಳಾ ತಗದಾನ ಬಿಡು" ಅಂದರು. ಮುಂದೆ ನಾನು ಒಂದು ಕೀರ್ತನೆ, ಅವರು ಒಂದು ವಚನ, ಹೀಗೆ ಮೊದಲ ತಾಸು ಹೋಗುತ್ತಿತ್ತು.

ನೇಕಾರನಾಗಿ ಇನ್ನೊಂದು ಮಾತು. ಯೋಬನು ತನ್ನ ದಿನಗಳು ಮಗ್ಗದ ಲಾಳಿಗಿಂತ ಬೇಗ ಓಡುತ್ತವೆ ಅನ್ನುತ್ತಾನೆ. ಲಾಳಿ ಎಸೆದವನಿಗೆ ಅದರ ಅರ್ಥ ಬೇರೆ. ಪ್ರವಾದಿ ಯೆಶಾಯನ ಪುಸ್ತಕದ ಮೂವತ್ತೆಂಟನೆಯ ಅಧ್ಯಾಯದಲ್ಲಿ ಹಿಜ್ಕೀಯ ಅರಸ ಜಡ್ಡಿಗೆ ಬಿದ್ದು, ನೇಕಾರ ಬಟ್ಟೆ ಸುತ್ತಿ ಮಗ್ಗದಿಂದ ಕತ್ತರಿಸಿದ ಹಾಗಾಯಿತು ನನ್ನ ಬಾಳು ಅನ್ನುತ್ತಾನೆ. ಅವನಿಗೆ ಹದಿನೈದು ವರ್ಷ ಆಯಸ್ಸು ಹೆಚ್ಚಿತು. ಆದರೆ ಅದೇ ಅಧ್ಯಾಯದ ಕೊನೆಗೆ, ಹುಣ್ಣಿಗೆ ಅಂಜೂರದ ಮುದ್ದೆ ಹಚ್ಚಿರಿ ಅನ್ನುತ್ತಾನೆ ಪ್ರವಾದಿ. ದೇವರು ಮಾತು ಕೊಟ್ಟ ಮೇಲೂ ಔಷಧ ಬಿಡಲಿಲ್ಲ. ಯಂತ್ರ ಬಿಡು ಅಂದ ಬೋಧಕರು ಆ ವಚನದ ತನಕ ಓದಿರಲಿಲ್ಲ ಅಂತ ಕಾಣುತ್ತದೆ. (ನಾವು ಅಂಜೂರ ಹಚ್ಚಿಕೊಳ್ಳಬಹುದು, ತಿನ್ನುವಂತಿಲ್ಲ, ಅದರಲ್ಲೂ ಪೊಟ್ಯಾಸಿಯಂ.)

ಪದ್ಧತಿ ಕೈಕೊಟ್ಟ ದಿನವೂ ಇದೆ. ಹೋದ ಚಳಿಗಾಲದ ಒಂದು ಮಂಗಳವಾರ ಆ ಕಾಕಾನ ಮಂಚ ಖಾಲಿ ಇತ್ತು. ಯಾರನ್ನೂ ಕೇಳಲಿಲ್ಲ, ಹಾಸಿಗೆ ಬದಲಿಸಿದ್ದು ನೋಡಿಯೇ ತಿಳಿಯಿತು. ಮೊದಲ ತಾಸು ಬಾಯಿ ತೆರೆಯಲಾಗಲಿಲ್ಲ. ಮೂರನೆಯ ತಾಸಿನಲ್ಲಿ ನಂಬರ್ ಎಣಿಸುತ್ತ ಬಂದು ಅವರ ಮಂಚ ಏಳಕ್ಕೆ ನಿಂತೆ. ಕೊನೆಗೆ ಎಂಬತ್ತೆಂಟನೆಯ ಕೀರ್ತನೆ ತೆಗೆದೆ. ಅದು ಎಲ್ಲೂ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಹಾಗಾಗಿಯೇ ಅದನ್ನು ಪಟ್ಟಿಯಿಂದ ಹೊರಗೆ ಇಟ್ಟಿದ್ದೆ. ಓದಿ ಮುಗಿಸಿದೆ, ಸೂಜಿ ತೆಗೆದರು, ಐದೂವರೆಯ ಬಸ್ ಹಿಡಿದು ಊರಿಗೆ ಬಂದೆ.

ಮಗ್ಗಕ್ಕೆ ಈಗ ಹೆಂಡತಿ ಕೂಡುತ್ತಾಳೆ. ನಾನು ಬಲಗೈಯಿಂದ ರಾಟಿ ತಿರುಗಿಸಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ. ಬೋರಮಾಳ ಹೋದ ದೀಪಾವಳಿಗೆ ಬಿಡಿಸಿದೆವು. ಪಟ್ಟಿ ಬೇಕಾದವರು ಝೆರಾಕ್ಸ್ ಖರ್ಚು ಎರಡು ರೂಪಾಯಿ ತಂದರೆ ಸಾಕು. ಪುಸ್ತಕ ದೊಡ್ಡ ಅಕ್ಷರದ್ದೇ ತನ್ನಿ, ಜೊತೆಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್. ಒಂದೇ ಕೈಯಲ್ಲಿ ಹಾಳೆ ನಿಲ್ಲುವುದಿಲ್ಲ, ಫ್ಯಾನ್ ಗಾಳಿಗೆ ಕೀರ್ತನೆ ಬಿಟ್ಟು ಸತ್ಯವೇದದ ಮುಂದಿನ ಪುಸ್ತಕ ಜ್ಞಾನೋಕ್ತಿಗೆ ಹಾರಿಬಿಡುತ್ತದೆ.