ರಾತ್ರಿ ಸುರಿದದ್ದನ್ನು ನೀರಿನಲ್ಲಿ ಹಿಡಿಯುವುದು: ವೃಷಭಾವತಿಯ ದಡದಿಂದ

ಬೆಂಗಳೂರಿನ ವೃಷಭಾವತಿಯಂಥ ನದಿಗೆ ಕದ್ದು ತ್ಯಾಜ್ಯ ಸುರಿಯುವ ಟ್ಯಾಂಕರುಗಳಿಗೆ ರಾತ್ರಿಯೇ ಅನುಕೂಲ. ಬೆಳಗ್ಗೆ ಹತ್ತಕ್ಕೆ ಹೋಗಿ ಒಂದು ಬಾಟಲಿ ತುಂಬಿಸಿಕೊಂಡರೆ ಸಿಗುವುದು ಅದು ಹರಿದುಹೋದ ಮೇಲಿನ ನೀರು. ಆದ್ದರಿಂದ ನಾವು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗಂಟೆಗೊಮ್ಮೆ ಎರಡು ಕಡೆ ಮಾದರಿ ತೆಗೆಯುತ್ತೇವೆ: ಅನುಮಾನದ ಜಾಗಕ್ಕಿಂತ ಮೇಲೊಂದು, ನೀರು ಪೂರ್ತಿ ಬೆರೆತ ಮೇಲೆ ಕೆಳಗೊಂದು. ಮೇಲಿನದ್ದಿಲ್ಲದಿದ್ದರೆ ಕೆಳಗಿನ ಅಂಕಿಗೆ ಬೆಲೆಯೇ ಇಲ್ಲ. ಯಾಕೆಂದರೆ ಪಾಚಿಯಿರುವ ನೀರಿನಲ್ಲಿ ಯಾರೂ ಏನೂ ಸುರಿಯದಿದ್ದರೂ ನಸುಕಿಗೆ ಆಮ್ಲಜನಕ ತಾನಾಗಿಯೇ ಇಳಿದಿರುತ್ತದೆ.

ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನವನ್ನೇ (ರಾಸಾಯನಿಕ ಬೆರೆಸಿ ಆಮ್ಲಜನಕ ಅಳೆಯುವ ಕ್ರಮ) ನಂಬಿದ್ದೇವೆ. 300 ಮಿಲಿ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ಕರಗಿಸಲು ಬಳಸುವ ಆಮ್ಲಜನಕದ ಅಳತೆ) ಬಾಟಲಿಯನ್ನು ಗುಳ್ಳೆ ಸೇರದಂತೆ ತುಂಬಿ, ಪಿಪೆಟ್ಟಿನ ತುದಿ ನೀರಿನೊಳಗಿಟ್ಟು 2 ಮಿಲಿ ಮ್ಯಾಂಗನೀಸ್ ಸಲ್ಫೇಟ್, 2 ಮಿಲಿ ಕ್ಷಾರೀಯ ಅಯೊಡೈಡ್–ಅಜೈಡ್ ಬಿಡಬೇಕು. ಅಜೈಡನ್ನು ಹಾಕದೆ ಇರುವಂತಿಲ್ಲ, ಅದಿಲ್ಲದಿದ್ದರೆ ಚರಂಡಿ ನೀರಿನ ನೈಟ್ರೈಟ್ ಲೆಕ್ಕ ಕೆಡಿಸುತ್ತದೆ. ಮುಚ್ಚಿ ತಿರುಗಿಸಿದರೆ ಗಸಿ ಕಟ್ಟುತ್ತದೆ: ಕಂದು ಬಂದರೆ ಆಮ್ಲಜನಕ ಉಂಟು, ಹಾಲಿನಂತೆ ಬಿಳುಪಾಗೇ ಉಳಿದರೆ ಇಲ್ಲ. ಆ ಬಿಳುಪು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆಮೇಲೆ 2 ಮಿಲಿ ಗಂಧಕಾಮ್ಲ ಹಾಕಿ ಗಸಿ ಕರಗಿಸಿ, 203 ಮಿಲಿ ತೆಗೆದು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಬಿಟ್ಟರೆ), ಇಳಿದ 1 ಮಿಲಿಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಕೊನೆಯ ಬಿಂದು ತೋರಿಸುವ ಪಿಷ್ಟವನ್ನು ಬಣ್ಣ ತೆಳು ಹಳದಿಗೆ ಇಳಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಅಯೊಡಿನ್ ಅದಕ್ಕೆ ಅಂಟಿಕೊಂಡು ಕೊನೆಯ ಬಿಂದು ತಪ್ಪುತ್ತದೆ.

ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಲೀಟರಿಗೆ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ, ಬಿಒಡಿ 3 ಮಿಲಿಗ್ರಾಮಿನೊಳಗೆ. ಊರಿನ ಚರಂಡಿಯನ್ನೆಲ್ಲ ಹೊತ್ತ ವೃಷಭಾವತಿಯಲ್ಲಿ ಆಮ್ಲಜನಕ ಮೊದಲೇ ಸೊನ್ನೆಯ ಹತ್ತಿರವಿದ್ದರೆ ಟ್ಯಾಂಕರು ಇನ್ನೇನು ಇಳಿಸೀತು? ಅಲ್ಲಿ ಸುಳಿವು ಕೊಡುವುದು ಪಿಎಚ್ (ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) ಮತ್ತು ವಿದ್ಯುತ್ ವಾಹಕತೆ. ಲೋಹಲೇಪನದ ಆಮ್ಲ ಬಿದ್ದರೆ ಪಿಎಚ್ ಕುಸಿದು ವಾಹಕತೆ ಜಿಗಿಯುತ್ತದೆ. ವಾಹಕತೆಯ ಮೀಟರನ್ನು ಆ ಸಂಜೆಯೇ ಸೆಂಟಿಮೀಟರಿಗೆ 1413 ಮೈಕ್ರೊಸೀಮನ್ಸ್ ವಾಹಕತೆಯ ಪ್ರಮಾಣಿತ ದ್ರಾವಣದಲ್ಲಿ ಸರಿಹೊಂದಿಸಿರಬೇಕು. ಜಿಗಿದ ಗಂಟೆಯ ನೀರಿಗೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ 2ಕ್ಕಿಂತ ಕೆಳಗೆ ತಂದು ಲೋಹಪರೀಕ್ಷೆಗೆ ಇಡುತ್ತೇವೆ. ಬಿಒಡಿಗೆ ಬೇರೆ ಬಾಟಲಿ, ಆಮ್ಲವಿಲ್ಲದೆ, ಐಸ್‌ಪೆಟ್ಟಿಗೆಯಲ್ಲಿ. ಆ ಗಂಟೆ ಕೈತಪ್ಪಿದರೆ ಕೆಸರಿನ ಮೇಲ್ಪದರ ನೋಡಿ, ಲೋಹ ಅಲ್ಲಿ ಕೂತಿರುತ್ತದೆ.

ಒಂದು ಮಾತು ತಿಳಿದಿರಲಿ: 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ನಿಯಮದಂತೆ ತೆಗೆದು ಮೊಹರು ಮಾಡಿದ ಮಾದರಿಯೇ ಆ ಕಾಯ್ದೆಯಡಿ ಸಾಕ್ಷ್ಯ. ನಮ್ಮ ಅಂಕಿಗಳ ಕೆಲಸ, ಅವರು ಯಾವ ಸೇತುವೆಗೆ, ಎಷ್ಟು ಗಂಟೆಗೆ ಬರಬೇಕೆಂದು ತೋರಿಸುವುದು.