ಓದಿದ ವಿಶ್ವವಿದ್ಯಾನಿಲಯಕ್ಕೆ ದತ್ತಿ ಇಡುವ ಮುನ್ನ

ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಓದಿ, ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು, ಒಂದು ನೆಲೆ ಕಂಡ ಮೇಲೆ ಹಲವರಿಗೆ ತಾವು ಓದಿದ ವಿಭಾಗಕ್ಕೆ ಏನಾದರೂ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಆ ಆಸೆ ನ್ಯಾಯವಾದದ್ದು, ಏಕೆಂದರೆ ನಾವು ಕಟ್ಟಿದ ಅಲ್ಪ ಶುಲ್ಕದಿಂದ ಒಂದು ಪ್ರಯೋಗಾಲಯವಾಗಲಿ ಗ್ರಂಥಾಲಯವಾಗಲಿ ನಡೆದಿರಲಿಲ್ಲ. ಉಳಿದ ಖರ್ಚನ್ನು ಭರಿಸಿದವರು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕೊಟ್ಟ ಜನ. ವಾರಾನ್ನ ಮಾಡಿಕೊಂಡು ಓದಿದ ಹಿಂದಿನ ತಲೆಮಾರಿನವರು ಯಾವ ವಾರ ಯಾರ ಮನೆಯಲ್ಲಿ ಉಂಡೆವೆಂಬುದನ್ನು ಕೊನೆಯವರೆಗೂ ನೆನೆಯುತ್ತಿದ್ದರು. ನಾವು ಉಂಡದ್ದೂ ಅಂಥದೇ ಅನ್ನ, ಆದರೆ ಕೊಟ್ಟ ಮನೆಗಳ ಹೆಸರು ನಮಗೆ ತಿಳಿಯದು. ಆ ಋಣವನ್ನು ಇಂದಿನ ವಿದ್ಯಾರ್ಥಿಗೆ ನಿಜವಾಗಿ ಉಪಯೋಗವಾಗುವಂತೆ ತೀರಿಸುವುದು ಹೇಗೆ ಎಂಬುದನ್ನು, ಕರ್ನಾಟಕದ ರಾಜ್ಯ ವಿಶ್ವವಿದ್ಯಾನಿಲಯಗಳನ್ನು ಗಮನದಲ್ಲಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸ ಚೆಕ್ಕು ಬರೆಯುವುದಲ್ಲ, ವಿಭಾಗಕ್ಕೆ ಹೋಗಿ ಬರುವುದು. ಘಟಿಕೋತ್ಸವದ ದಿನವಾಗಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶದ ದಿನವಾಗಲಿ ಹೋಗದೆ, ಪಾಠ ನಡೆಯುತ್ತಿರುವ ಸಾಮಾನ್ಯ ದಿನ ಹೋಗಿ. ವಿಭಾಗದ ಮುಖ್ಯಸ್ಥರನ್ನು ಕಂಡ ಮೇಲೆ ಅಲ್ಲಿಗೇ ನಿಲ್ಲದೆ, ಪ್ರಯೋಗಾಲಯದ ಸಹಾಯಕರನ್ನೂ ಗ್ರಂಥಪಾಲಕರನ್ನೂ ಅತಿಥಿ ಉಪನ್ಯಾಸಕರನ್ನೂ ಮಾತನಾಡಿಸಿ. ಹಾಸ್ಟೆಲಿನ ಊಟದ ಮನೆಯನ್ನೂ ವಿದ್ಯಾರ್ಥಿನಿಯರ ಶೌಚಾಲಯದ ಸ್ಥಿತಿಯನ್ನೂ ಕೇಳಿ ತಿಳಿದುಕೊಳ್ಳಿ. ಒಟ್ಟಿಗೆ ಓದಿದ ನಮ್ಮ ತಂಡದ ಹನ್ನೊಂದು ಮಂದಿ ಸೇರಿ ಆರು ಹೊಸ ಕಂಪ್ಯೂಟರ್ ಕೊಡಿಸಬೇಕೆಂದು ಹಣ ಕೂಡಿಸಿಕೊಂಡು ಹೋಗಿದ್ದೆವು. ಅಲ್ಲಿ ಕಂಪ್ಯೂಟರುಗಳಿಗೆ ಕೊರತೆಯಿರಲಿಲ್ಲ. ಯುಪಿಎಸ್ ಬ್ಯಾಟರಿಗಳು ಸತ್ತು ಒಂದೂವರೆ ವರ್ಷವಾಗಿತ್ತು, ಕರೆಂಟು ಹೋದೊಡನೆ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು, ಹಾಗಾಗಿ ಮಕ್ಕಳು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಬ್ಯಾಟರಿ ಬದಲಿಸಲು ತಗುಲಿದ ಹಣ ನಾವು ಕೂಡಿಸಿದ್ದರ ಕಾಲು ಭಾಗವೂ ಆಗಲಿಲ್ಲ. ಈ ಸಂಗತಿಯನ್ನು ನಮಗೆ ಹೇಳಿದವರು ಪ್ರಯೋಗಾಲಯದ ಸಹಾಯಕರು. ಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಹೊಸದನ್ನು ಕೊಳ್ಳಲು ಅನುದಾನ ಸಿಗುವುದುಂಟು, ಇರುವುದನ್ನು ದುರಸ್ತಿ ಮಾಡಿಸಲು ಸಿಗುವುದು ಕಷ್ಟ ಎಂಬುದನ್ನು ಅಂದು ಕಲಿತೆವು.

ಎರಡನೆಯದಾಗಿ ಚಿನ್ನದ ಪದಕದ ವಿಚಾರ. ತಂದೆತಾಯಿಯರ ಇಲ್ಲವೆ ಗುರುಗಳ ಹೆಸರಿನಲ್ಲಿ ಒಂದು ಮೊತ್ತವನ್ನು ದತ್ತಿಯಾಗಿಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಪ್ರಥಮ ಸ್ಥಾನ ಪಡೆದವರಿಗೆ ಪದಕ ಕೊಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ಕ್ರಮ. ಅದರ ಹಿಂದಿನ ಭಾವನೆಯ ಬಗ್ಗೆ ನನಗೆ ಗೌರವವಿದೆ, ಆದರೆ ಲೆಕ್ಕವನ್ನು ನೋಡಲೇಬೇಕು. 1995ರ ಹೊತ್ತಿಗೆ 50,000 ರೂಪಾಯಿಗಳನ್ನು ನಿಶ್ಚಿತ ಠೇವಣಿಯಲ್ಲಿಟ್ಟವರಿಗೆ, ಅಂದಿನ ಶೇ 12ರ ಆಸುಪಾಸಿನ ದರದಲ್ಲಿ ವರ್ಷಕ್ಕೆ ಸುಮಾರು 6,000 ರೂಪಾಯಿ ಬಡ್ಡಿ ಬರುತ್ತಿತ್ತು. ಹತ್ತು ಗ್ರಾಂ ಚಿನ್ನದ ಬೆಲೆ ಆಗ 5,000 ರೂಪಾಯಿಗೂ ಕಡಿಮೆಯಿದ್ದುದರಿಂದ ಪದಕ ಮಾಡಿಸಿಯೂ ಸ್ವಲ್ಪ ಹಣ ಉಳಿಯುತ್ತಿತ್ತು. ಅದೇ ಠೇವಣಿಗೆ ಈಗ ಶೇ 7ರ ದರ ಸಿಕ್ಕರೂ ಬರುವುದು 3,500 ರೂಪಾಯಿ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಗಳನ್ನು ದಾಟಿತು, ಎಂದರೆ ಆ ಬಡ್ಡಿಗೆ ಅರ್ಧ ಗ್ರಾಂ ಚಿನ್ನವೂ ಬರುವುದಿಲ್ಲ. ಹೀಗೆ ಸೊರಗಿದ ದತ್ತಿಯಿಂದ ಚಿನ್ನದ ಲೇಪವಿರುವ ಪದಕವನ್ನೋ ಸಣ್ಣ ನಗದು ಬಹುಮಾನವನ್ನೋ ಕೊಡಬಹುದು, ಅಷ್ಟೆ. ಜೊತೆಗೆ ಪ್ರಥಮ ಸ್ಥಾನ ಪಡೆದ ಒಬ್ಬರೇ ಹತ್ತಾರು ಪದಕಗಳನ್ನು ಪಡೆಯುವುದನ್ನು ನಾವು ಪ್ರತಿ ಘಟಿಕೋತ್ಸವದಲ್ಲಿ ನೋಡುತ್ತೇವೆ. ಹನ್ನೆರಡನೆಯ ಪದಕದಿಂದ ಆ ವಿದ್ಯಾರ್ಥಿಯ ಬದುಕಿನಲ್ಲಿ ಆಗುವ ವ್ಯತ್ಯಾಸ ಬಹಳ ಕಡಿಮೆ.

ಆದ್ದರಿಂದ ಶಾಶ್ವತ ದತ್ತಿಯನ್ನೇ ಇಡುವುದಾದರೆ, ಬಡ್ಡಿಯ ಒಂದು ಭಾಗವು ಪ್ರತಿವರ್ಷ ಅಸಲಿಗೆ ಸೇರಬೇಕೆಂದು ಷರತ್ತಿನಲ್ಲಿಯೇ ಬರೆಸಿ. ಐದು ಲಕ್ಷ ರೂಪಾಯಿಗಳಿಗೆ ಶೇ 7ರಂತೆ ಬರುವ 35,000ದಲ್ಲಿ 25,000 ಖರ್ಚಾಗಿ 10,000 ಅಸಲಿಗೆ ಸೇರಿದರೆ ದತ್ತಿಯು ಬೆಲೆಯೇರಿಕೆಯ ಎದುರು ಸ್ವಲ್ಪವಾದರೂ ನಿಲ್ಲುತ್ತದೆ. ಶಾಶ್ವತವಾಗಿರಲೇಬೇಕೆಂಬ ಹಟವಿಲ್ಲದಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಮೂರು ಲಕ್ಷವನ್ನು ವರ್ಷಕ್ಕೆ 30,000ದಂತೆ ಹತ್ತು ವರ್ಷಗಳಲ್ಲಿ ಪೂರ್ತಿಯಾಗಿ ಖರ್ಚು ಮಾಡಿ ಮುಗಿಸುವುದು. ಹೆಸರು ಗೋಡೆಯ ಮೇಲೆ ಉಳಿಯುವುದಿಲ್ಲ, ಆದರೆ ಹತ್ತು ವರ್ಷವೂ ಆ ಹಣಕ್ಕೆ ಬಲವಿರುತ್ತದೆ. ನಾನಂತೂ ಎರಡನೆಯದನ್ನೇ ಆರಿಸುತ್ತೇನೆ.

ಹಣ ಯಾವುದಕ್ಕೆ ಎಂಬುದರಷ್ಟೇ ಮುಖ್ಯವಾದದ್ದು ಅದು ಯಾವಾಗ ಕೈಸೇರುತ್ತದೆ ಎಂಬುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ರಾಜ್ಯ ಸರ್ಕಾರ ವಿದ್ಯಾಸಿರಿ ಯೋಜನೆಯನ್ನು ತಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಗೊತ್ತುಮಾಡಿತ್ತು. ಇಂಥ ನೆರವು ಇದ್ದರೂ, ಪ್ರವೇಶ ಪಡೆದ ದಿನದಿಂದ ವಿದ್ಯಾರ್ಥಿವೇತನ ಖಾತೆಗೆ ಬರುವವರೆಗಿನ ತಿಂಗಳುಗಳನ್ನು ದಾಟುವುದೇ ಹಳ್ಳಿಯಿಂದ ಬಂದ ಹುಡುಗಿಗೆ ಅತ್ಯಂತ ಕಠಿಣ. ಮೊದಲ ಸೆಮಿಸ್ಟರಿನ ಹಾಸ್ಟೆಲ್ ಮುಂಗಡ, ಪರೀಕ್ಷಾ ಶುಲ್ಕ, ಕ್ಷೇತ್ರಕಾರ್ಯಕ್ಕೆ ಹೋಗಿಬರುವ ಬಸ್ಸಿನ ಖರ್ಚು, ಪ್ರಬಂಧವನ್ನು ಅಚ್ಚು ಮಾಡಿಸಿ ರಟ್ಟು ಹಾಕಿಸುವ ಖರ್ಚು, ಇವು ಎರಡು ಮೂರು ಸಾವಿರದ ಮಾತುಗಳು. ಆದರೆ ಓದನ್ನು ಅರ್ಧಕ್ಕೆ ಬಿಡಿಸುವುದು ಬಹಳ ಸಲ ಇವೇ. ಇಂಥ ಖರ್ಚಿಗೆ ವಿಭಾಗದ ಇಬ್ಬರು ಅಧ್ಯಾಪಕರು ಮತ್ತು ಒಬ್ಬ ಹಳೆಯ ವಿದ್ಯಾರ್ಥಿ ಸೇರಿ ವಾರದೊಳಗೆ ತೀರ್ಮಾನಿಸಿ ಕೊಡಬಲ್ಲ ಒಂದು ಚಿಕ್ಕ ನಿಧಿಯಿರಲಿ. ಫಲಾನುಭವಿಯ ಫೋಟೊ ತೆಗೆಸಿ ಹಂಚುವುದು ಬೇಡ. ದತ್ತಿಯನ್ನು ಒಂದು ಜಾತಿಗೆ ಸೀಮಿತಗೊಳಿಸುವುದೂ ಬೇಡ. ನಮ್ಮನ್ನು ಓದಿಸಿದ ತೆರಿಗೆಯನ್ನು ಎಲ್ಲ ಜಾತಿಯವರೂ ಕೊಟ್ಟಿದ್ದಾರೆ.

ಕಾಗದಪತ್ರಗಳ ಕೆಲಸಕ್ಕೆ ತಾಳ್ಮೆ ಬೇಕು. ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ ದತ್ತಿ ಇಡುವುದಾದರೆ ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಇಟ್ಟುಕೊಳ್ಳಿ. ಪ್ರಸ್ತಾವನೆಯು ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯ ಮುಂದೆ ಬರಬೇಕಾಗುವುದರಿಂದ ಕೆಲವು ತಿಂಗಳು ಹಿಡಿಯಬಹುದು. ಆ ನಡುವೆ ಕಡತ ಎಲ್ಲಿದೆಯೆಂದು ಅದನ್ನು ನೋಡಿಕೊಳ್ಳುವ ಶಾಖೆಯ ವಿಷಯ ನಿರ್ವಾಹಕರನ್ನೇ ವಿನಯದಿಂದ ಕೇಳುವುದು ಒಳ್ಳೆಯದು. ಷರತ್ತುಗಳನ್ನು ನೀವೇ ಕರಡು ಮಾಡಿ ಕೊಡಿ: ಹಣ ಯಾವ ಖಾತೆಯಲ್ಲಿರುತ್ತದೆ, ಆಯ್ಕೆ ಯಾರು ಮಾಡುತ್ತಾರೆ, ವರ್ಷಕ್ಕೊಮ್ಮೆ ಲೆಕ್ಕದ ಪ್ರತಿ ಯಾರಿಗೆ ಬರಬೇಕು, ಮುಂದೆ ಆ ವಿಷಯವೇ ಪಠ್ಯದಿಂದ ಹೋದರೆ ಅಥವಾ ವಿಭಾಗ ಬೇರೊಂದರೊಡನೆ ವಿಲೀನವಾದರೆ ಹಣವನ್ನು ಯಾವುದಕ್ಕೆ ಬಳಸಬಹುದು. ಕೊನೆಯದನ್ನು ಬರೆಯದೆ ಬಿಟ್ಟರೆ ಒಳ್ಳೆಯ ಹಣ ಬಳಕೆಯಾಗದೆ ಖಾತೆಯಲ್ಲಿ ಉಳಿದುಬಿಡುತ್ತದೆ.

ಹಳೆಯ ವಿದ್ಯಾರ್ಥಿಗಳ ಸಂಘದ ಮೂಲಕ ಕೊಡುವುದಾದರೆ ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಅಡಿಯಲ್ಲಿ ನೋಂದಣಿಯಾಗಿದೆಯೇ, ಪ್ರತಿವರ್ಷ ಲೆಕ್ಕಪರಿಶೋಧನೆ ನಡೆಯುತ್ತಿದೆಯೇ ಎಂದು ನೋಡಿ. ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ. ಅಲ್ಲಿಯೂ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ವಿನಾಯಿತಿಯಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇನ್ನೊಂದು ವಿಷಯವನ್ನು ಗಮನಿಸಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣವನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವುದು ವಿದೇಶಿ ದೇಣಿಗೆಯಾಗುತ್ತದೆ, ಅವರು ಸಾಗರೋತ್ತರ ಭಾರತೀಯರ ಕಾರ್ಡ್ ಹೊಂದಿದ್ದರೂ ಅಷ್ಟೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ಪಡೆಯಲು ಸಂಘಕ್ಕೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣವು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯಲ್ಲಿನ ಖಾತೆಗೇ ಬರಬೇಕು. ಸ್ನೇಹಿತರೊಬ್ಬರ ಸ್ವಂತ ಖಾತೆಗೆ ಹಣ ಹಾಕಿ ಅವರಿಂದ ಕೊಡಿಸುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ.

ಹಣವಿಲ್ಲದವರು, ಅಥವಾ ಹಣದ ಜೊತೆಗೆ ಸಮಯವನ್ನೂ ಕೊಡಬಲ್ಲವರು ಮಾಡಬಹುದಾದ ಕೆಲಸ ಇದಕ್ಕಿಂತ ದೊಡ್ಡದು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮಹಾರಾಜ ಕಾಲೇಜಿನಲ್ಲಿ ಓದಿದ ಕುವೆಂಪು ಅಲ್ಲಿಯೇ ಅಧ್ಯಾಪಕರೂ ಪ್ರಾಂಶುಪಾಲರೂ ಆಗಿ, 1956ರಿಂದ 1960ರವರೆಗೆ ಕುಲಪತಿಗಳಾಗಿ, ಸ್ನಾತಕೋತ್ತರ ಅಧ್ಯಯನಕ್ಕೆ ಮಾನಸಗಂಗೋತ್ರಿಯನ್ನು ಕಟ್ಟಿದರು. 1951ರಲ್ಲಿ ಅದೇ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿಯನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಪಡೆದ ಸಿ.ಎನ್.ಆರ್. ರಾವ್ ಅವರು, ಭಾರತರತ್ನ ಪಡೆದಷ್ಟು ಎತ್ತರಕ್ಕೇರಿದ ಮೇಲೂ ಶಾಲಾ ಮಕ್ಕಳಿಗೆ ರಸಾಯನ ವಿಜ್ಞಾನವನ್ನು ಹೇಳಿಕೊಡುವುದನ್ನು ಬಿಡಲಿಲ್ಲ. ಆ ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟದ್ದೂ, ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಕ್ಕಿದ್ದೂ ಹಿರಿಯರಿಗೆ ನೆನಪಿರುತ್ತದೆ.

ನಮ್ಮಿಂದ ಅಷ್ಟಾಗದಿರಬಹುದು, ಆದರೆ ಹುರಿದುಂಬಿಸುವ ಒಂದು ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬರುವುದಕ್ಕಿಂತ ಹೆಚ್ಚಿನದು ಖಂಡಿತ ಆಗುತ್ತದೆ. ಒಂದು ಸೆಮಿಸ್ಟರ್ ಪೂರ್ತಿ, ಹದಿನೈದು ದಿನಕ್ಕೊಮ್ಮೆ, ಆರೇಳು ವಿದ್ಯಾರ್ಥಿಗಳೊಡನೆ ಒಂದೇ ಕೆಲಸವನ್ನು ಹಿಡಿದು ಕುಳಿತುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ತಮ್ಮ ವಿಷಯದ ಇಂಗ್ಲಿಷ್ ಲೇಖನವನ್ನು ಓದುವುದು ಹೇಗೆಂದು, ಕನ್ನಡದಲ್ಲಿಯೇ ವಿವರಿಸುತ್ತ, ಸಾಲುಸಾಲಾಗಿ ಹೇಳಿಕೊಡುವುದು ಅಂಥ ಕೆಲಸಗಳಲ್ಲೊಂದು. ಸಂದರ್ಶನವನ್ನು ಎದುರಿಸುವುದು, ಅರ್ಜಿ ಬರೆಯುವುದು, ಸಂಬಳದ ಪತ್ರವನ್ನು ಓದಿ ಅರ್ಥಮಾಡಿಕೊಳ್ಳುವುದು, ಇವು ಮನೆಯಲ್ಲಿ ಮೊದಲು ಪದವಿ ಓದುತ್ತಿರುವವರಿಗೆ ಬೇರೆ ಯಾರೂ ಹೇಳಿಕೊಡದ ವಿದ್ಯೆಗಳು.

ವಿಭಾಗದಲ್ಲಿ ಓದಿದವರು ಎಲ್ಲಿ ಏನು ಮಾಡುತ್ತಿದ್ದಾರೆಂಬ ದಾಖಲೆ ಪುಸ್ತಕವೊಂದನ್ನು ಸಿದ್ಧಪಡಿಸುವುದೂ ಉಪಯುಕ್ತ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಾಂಕನದಲ್ಲಿ ಹಳೆಯ ವಿದ್ಯಾರ್ಥಿಗಳ ಕೊಡುಗೆಯನ್ನೂ ಕೇಳುತ್ತಾರೆ. ಅವರವರ ಒಪ್ಪಿಗೆ ಪಡೆದೇ ಬರೆಯಿರಿ. ಕಂಪನಿಗಳ ದೊಡ್ಡ ಹುದ್ದೆಯವರನ್ನಷ್ಟೇ ಅಲ್ಲದೆ, ಹಳ್ಳಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರನ್ನೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಊರಿಗೆ ನೀರು ತಂದವರನ್ನೂ ಅದೇ ಪುಟದಲ್ಲಿ ಸೇರಿಸಿ. ಸಾಧನೆಯೆಂಬ ಮಾತಿಗೆ ಇವರೂ ಹಕ್ಕುದಾರರು. ನಮ್ಮ ತಂಡದ ಪುಸ್ತಕದಲ್ಲಿ ಒಂದು ಪುಟ ನಿಧಿಯ ಲೆಕ್ಕಕ್ಕೆ ಮೀಸಲು. ಪ್ರತಿವರ್ಷ ಜುಲೈ ತಿಂಗಳಲ್ಲಿ ಇಬ್ಬರು ವಿಭಾಗಕ್ಕೆ ಹೋಗಿ ಅದನ್ನು ಬರೆದು ಬರುತ್ತೇವೆ, ನಮಗಿಂತ ಹತ್ತು ವರ್ಷ ಕಿರಿಯ ತಂಡದವರೊಬ್ಬರನ್ನು ಈಗ ಜೊತೆಗೆ ಕರೆದೊಯ್ಯಲು ಆರಂಭಿಸಿದ್ದೇವೆ.