ಮಳೆಗಾಲಕ್ಕೆ ಬಾಟಲಿ, ನವೆಂಬರಿಗೆ ನೆರಳು: ಐದರಿಂದ ಏಳನೇ ತರಗತಿಯ ಭೂಗೋಳಕ್ಕೆ ವರ್ಷದ ಯೋಜನೆ

ಮೇ ಕೊನೆಯ ವಾರ ಮುಂದಿನ ವರ್ಷದ ಭೂಗೋಳಕ್ಕೆ ಕೂರುವಾಗ ನಾನು ಮೊದಲು ತೆಗೆಯುವುದು ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರ್. ಪಠ್ಯಪುಸ್ತಕ ಆಮೇಲೆ. ನಮ್ಮದು ಉಡುಪಿಯ ಕಲ್ಯಾಣಪುರದಿಂದ ಪಡುವಕ್ಕೆ, ಸ್ವರ್ಣಾ ನದಿ ಹತ್ತಿರದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಐದು, ಆರು, ಏಳು ಮೂರಕ್ಕೂ ಭೂಗೋಳ ನನ್ನ ಪಾಲಿಗೇ. ವಾರಕ್ಕೆ ಎರಡು ಪಿರಿಯಡ್. ಅದರಲ್ಲೂ ಒಂದು ಮಳೆ ರಜೆಗೋ ಪ್ರತಿಭಾ ಕಾರಂಜಿಯ ತಯಾರಿಗೋ ಹೋಗುತ್ತದೆ.

ಹಲವು ವರ್ಷ ನಾನೂ ಪುಸ್ತಕದ ಕ್ರಮದಲ್ಲೇ ಹೋದವಳು. ಹೊರಗೆ ಮಳೆ ಹೊಯ್ಯುತ್ತಿರುವಾಗ ಒಳಗೆ ಗ್ಲೋಬ್ ತಿರುಗಿಸುತ್ತಿದ್ದೆ. ಮಳೆಯ ಪಾಠಕ್ಕೆ ಬರುವಾಗ ಜನವರಿ, ಅಂಗಳದಲ್ಲಿ ಧೂಳು. ಮಕ್ಕಳಿಗೆ ಮಳೆಮಾಪಕದ ಚಿತ್ರ ಬಿಡಿಸಲು ಹೇಳಿದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಮಳೆಮಾಪಕದ ಚಿತ್ರ! ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಹಾಗಾಗಿ ಈಗಿನ ನನ್ನ ಕ್ರಮ ಇದು. ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ಕಾಲಂ ಎಳೆಯಿರಿ. ನಮ್ಮ ಕೈಯಲ್ಲಿ ಇಲ್ಲದ್ದನ್ನೆಲ್ಲ ಮೊದಲು ತುಂಬಿ. ಜೂನ್, ಜುಲೈ, ಆಗಸ್ಟ್ ಮಳೆ. ಅಷ್ಟಮಿ, ಚೌತಿ. ಅಕ್ಟೋಬರಲ್ಲಿ ದಸರಾ ರಜೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ಸ್ವಚ್ಛ. ಮಾರ್ಚ್ ಪರೀಕ್ಷೆಗೆ. ಈಗ ಪುಸ್ತಕ ತೆರೆದು, ಯಾವ ಪಾಠದ ವಸ್ತು ಯಾವ ತಿಂಗಳು ಕಿಟಕಿಯ ಹೊರಗೆ ಕಾಣುತ್ತದೋ ಆ ತಿಂಗಳ ಕಾಲಂಗೆ ಹಾಕಿ. ಕಿಟಕಿಯ ಹೊರಗೆ ಯಾವತ್ತೂ ಕಾಣದ ಪಾಠಗಳು ಉಳಿಯುತ್ತವೆ, ಯುರೋಪು, ಅಂಟಾರ್ಕ್ಟಿಕಾ ಹೀಗೆ. ಅವು ಎಲ್ಲಿ ಜಾಗ ಇದೆಯೋ ಅಲ್ಲಿಗೆ.

ಜೂನ್, ಜುಲೈ: ಬಾಟಲಿ ಮತ್ತು ತಾಂಡೇಲರು

ಮಳೆಮಾಪಕಕ್ಕೆ ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಮೈ ನೇರವಾಗಿರಬೇಕು, ಗೆರೆಗೆರೆ ಇರುವ ನೀರಿನ ಬಾಟಲಿ ಬೇಡ. ಕುತ್ತಿಗೆ ಇಳಿದು ಮೈ ಶುರುವಾಗುವಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಒಳಗೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದೆ ಅಲ್ವಾ, ಅದಕ್ಕೆ ಒಂದಿಷ್ಟು ಜಲ್ಲಿ ಹಾಕಿ, ಮೈ ನೇರವಾಗುವವರೆಗೆ ನೀರು ಹೊಯ್ದು ಅಲ್ಲಿ ಗೆರೆ ಎಳೆಯಿರಿ. ಆ ಗೆರೆಯೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಅಂಟಿಸಿ. ಪ್ರತಿ ಸಲ ಸೊನ್ನೆಯವರೆಗೆ ಮಾತ್ರ ಖಾಲಿ ಮಾಡಬೇಕು.

ಇಡುವ ಜಾಗದಲ್ಲೇ ಎಲ್ಲರೂ ತಪ್ಪುವುದು. ಮೊದಲ ವರ್ಷ ನಾನು ಮಾಡಿನ (ಛಾವಣಿಯ) ಅಂಚಿನಿಂದ ಎರಡು ಅಡಿ ದೂರ ಇಟ್ಟಿದ್ದೆ. ಗಾಳಿಗೆ ಮಾಡಿನ ನೀರೆಲ್ಲ ಅದರೊಳಗೇ ಬಿತ್ತು. ಮರುದಿನ ಐದನೇ ಕ್ಲಾಸಿನವರು ಉಡುಪಿಯಲ್ಲಿ ಆಗುಂಬೆಯ ಮಳೆ ಬಿದ್ದಿದೆ ಎಂದು ಘೋಷಿಸಿದರು. ತೆಂಗಿನಮರ, ಮಾಡು ಎರಡರಿಂದಲೂ ದೂರ, ಅಂಗಳದ ನಡುವೆ ಒಂದು ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲಿಗೆ) ಕಟ್ಟಿ ನಿಲ್ಲಿಸಿ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಿಗ್ಗೆ 8:30ಕ್ಕೆ. ನಾವೂ ಅದೇ ಹೊತ್ತಿಗೆ ಅಳೆದರೆ ಮರುದಿನ ಪೇಪರಿನಲ್ಲಿ ಬರುವ ಲೆಕ್ಕದ ಜೊತೆ ಹೋಲಿಸಬಹುದು. ಭಾನುವಾರಕ್ಕೂ ಮಳೆ ರಜೆಗೂ ಶಾಲೆಯ ಪಕ್ಕದಲ್ಲೇ ಮನೆ ಇರುವ ಒಬ್ಬ ಹುಡುಗ ಅಥವಾ ಹುಡುಗಿಯನ್ನು ನೇಮಿಸಿ. ಆ ಕೆಲಸಕ್ಕೆ ನಮ್ಮಲ್ಲಿ ಪೈಪೋಟಿಯೇ ನಡೆಯುತ್ತದೆ. 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅಂಥ ದಿನ ಬಾಟಲಿ ತುಂಬಿ ಹರಿಯುತ್ತದೆ, ಸಂಜೆ ಒಮ್ಮೆ ಓದಿ ಖಾಲಿ ಮಾಡಿಸಿ, ಬೆಳಿಗ್ಗೆ ಎರಡನ್ನೂ ಕೂಡಿಸಿ.

ಇದೇ ಅಳತೆಯನ್ನು ಏಳನೇ ಕ್ಲಾಸಿಗೆ ಲೆಕ್ಕವಾಗಿ ಕೊಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನಮ್ಮ ಶಾಲೆಯ ಮಾಡು 30 ಮೀಟರ್ ಉದ್ದ, 8 ಮೀಟರ್ ಅಗಲದ ಜಾಗ ಮುಚ್ಚುತ್ತದೆ. ಒಂದು ದಿನ 100 ಮಿ.ಮೀ. ಬಿದ್ದರೆ 24,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು! "ಹಾಗಾದ್ರೆ ಏಪ್ರಿಲಲ್ಲಿ ಬಾವಿ ಯಾಕೆ ಬತ್ತುತ್ತದೆ ಟೀಚರ್?" ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆಗೇ ಎರಡು ಪಿರಿಯಡ್ ಹೋಯಿತು. ಹೋಗಲಿ ಬಿಡಿ, ಅಂಥದ್ದಕ್ಕೆ ಅಂತಲೇ ತಿಂಗಳಿಗೆ ಒಂದು ಪಿರಿಯಡ್ ಖಾಲಿ ಇಟ್ಟುಕೊಂಡಿರಿ.

ಇನ್ನೊಂದು ಗುಟ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ವರ್ಷವಿಡೀ ಕೈಗೆ ಸಿಗದ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಆಗ ಮನೆಯಲ್ಲಿರುತ್ತಾರೆ. ಅಕ್ಷಾಂಶ ರೇಖಾಂಶದ ಪಾಠವನ್ನು ಈ ಎರಡು ತಿಂಗಳಿಗೆ ಎಳೆದುಕೊಳ್ಳಿ, ಒಬ್ಬರು ತಾಂಡೇಲರನ್ನು ಕ್ಲಾಸಿಗೆ ಕರೆಯಿರಿ. ಬಲೆ ಹರಿಯುವ ಕಲ್ಲಿನ ಜಾಗಗಳನ್ನು ಬರೆದಿಟ್ಟುಕೊಂಡ ಹಳೇ ನೋಟ್‌ಬುಕ್ಕು ಇದ್ದರೆ ತರಲು ಹೇಳಿ. ನಮ್ಮಲ್ಲಿಗೆ ಬಂದವರು ಬೋರ್ಡಿನ ಮೇಲೆ ಬರೆದದ್ದು ಇಷ್ಟೇ: ಮಲ್ಪೆ 13–21, ಕಾರವಾರ 14–48. ಮೊದಲಿನದು ಅಕ್ಷಾಂಶದ ಡಿಗ್ರಿ, ಆಮೇಲಿನದು ನಿಮಿಷ, ಒಂದು ಡಿಗ್ರಿಗೆ 60 ನಿಮಿಷ. ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಮಕ್ಕಳು ಕಳೆದು ನೋಡಿದರು, 87 ನಿಮಿಷ. ಗುಣಿಸಿದರೆ ಸುಮಾರು 160 ಕಿ.ಮೀ. ಉತ್ತರಕ್ಕೆ. ನಾನು ಹತ್ತು ವರ್ಷ ಕಿತ್ತಳೆ ಹಣ್ಣಿನ ಮೇಲೆ ಗೆರೆ ಎಳೆದು ಕಲಿಸಿದ್ದು ಅವರ ಅರ್ಧ ಗಂಟೆಗೆ ಸಮ ಆಗಲಿಲ್ಲ. ರೇಖಾಂಶದ ನಿಮಿಷ ಮಾತ್ರ ಎಲ್ಲ ಕಡೆ ಒಂದೇ ಉದ್ದ ಇಲ್ಲ, ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಅದನ್ನು ಗ್ಲೋಬಿನಲ್ಲೇ ತೋರಿಸಬೇಕು.

ಊರ ಹೆಸರಲ್ಲಿ ದಿಕ್ಕು

ದಿಕ್ಕಿನ ಪಾಠಕ್ಕೆ ನಮ್ಮ ಜಿಲ್ಲೆಯಷ್ಟು ಅನುಕೂಲ ಬೇರೆ ಎಲ್ಲಿದೆಯೋ ನನಗೆ ತಿಳಿಯದು. ತೆಂಕನಿಡಿಯೂರು, ಬಡಾನಿಡಿಯೂರು. ಮೂಡುಬೆಳ್ಳೆ, ಪಡುಬೆಳ್ಳೆ. ಮೂಡುಬಿದಿರೆ, ಪಡುಬಿದ್ರಿ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಐದನೇ ಕ್ಲಾಸಿಗೆ ಕೊಡಿ. ಅರ್ಥ ಹೇಳಬೇಡಿ, ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರಲಿ. ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ ಎಂದು ತುಳುವಿನಲ್ಲಿ ಬಾಯಿಪಾಠ ಇರುವ ಮಕ್ಕಳಿಗೆ ಪೂರ್ವ ಪಶ್ಚಿಮ ಅಂದರೆ ಗೋಡೆಯ ನಕಾಶೆಯ ಬಲ ಎಡ, ಅಷ್ಟೇ. ಯಕ್ಷಗಾನ ನೋಡುವವರಿದ್ದರೆ ತೆಂಕುತಿಟ್ಟು, ಬಡಗುತಿಟ್ಟು ಎಂದರೂ ಸಾಕು, ತಕ್ಷಣ ಹತ್ತುತ್ತದೆ. ಆಮೇಲೆ ತಾಲೂಕಿನ ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ, ಸಮುದ್ರದ ಕಡೆಗೆ ಸಮುದ್ರ ಬರುವಂತೆ ತಿರುಗಿಸಿ. ಚೀಟಿ ಇಡಲಿ.

ಹೆಸರಿನ ಇನ್ನರ್ಧದಲ್ಲಿ ನೆಲದ ಪಾಠ ಇದೆ. ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ. ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳುಪಟ್ಟಿ. ಪದವು ಅಂದರೆ ಮುರಕಲ್ಲಿನ ಎತ್ತರದ ಬಯಲು. ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆ. ತಗ್ಗಿನ ಬೈಲಲ್ಲಿ ನೀರು ನಿಲ್ಲುವುದರಿಂದ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಆಗುತ್ತಿತ್ತು. ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ ಒಂದೇ. ಈಗ ಎಷ್ಟೋ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಅದನ್ನೂ ನಕಾಶೆಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಹಾಕಿಸಿ, ಸುಮ್ನೆ ಹಸಿರು ಬಳಿಯುವುದು ಬೇಡ.

ನವೆಂಬರ್: ಕೋಲಿನ ನೆರಳು

ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ಹೂಳಿ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕಿ. ನೆರಳು 12 ಗಂಟೆಗೆ ಅತಿ ಚಿಕ್ಕದಾಗಬೇಕು ಎಂದು ಮಕ್ಕಳು ಕಾಯುತ್ತಾರೆ. ಆಗುವುದಿಲ್ಲ! ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಉಡುಪಿ ಇರುವುದು 74.75ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸರಾಸರಿ 12:31ಕ್ಕೆ. ಸರಾಸರಿ ಎನ್ನಲು ಕಾರಣ ಇದೆ. ನವೆಂಬರ್ ಮೊದಲ ವಾರ ಅದು 12:15ರ ಹೊತ್ತಿಗೆ ಬರುತ್ತದೆ, ಫೆಬ್ರವರಿ ಎರಡನೇ ವಾರ 12:45ಕ್ಕೆ. ಎರಡೂ ಸಲ ಮಾಡಿಸಿ. ಯಾಕೆ ಹೀಗೆ ಎಂಬುದನ್ನು ಏಳನೇ ಕ್ಲಾಸಿಗೆ ಪೂರ್ತಿ ಹೇಳಲು ಹೋಗಬೇಡಿ, ಭೂಮಿಯ ಓರೆ ಮತ್ತು ದಾರಿಯ ಆಕಾರ ಎಂದರೆ ಸಾಕು. ನೆರಳು ಪೂರ್ತಿ ಕಾಣೆಯಾಗುವ ದಿನ ಏಪ್ರಿಲ್ 25ರ ಆಸುಪಾಸು, ಆಗ ರಜೆ. ಎರಡನೇ ಸಲ ಆಗಸ್ಟ್ 18ರ ಸುತ್ತಮುತ್ತ, ಆಗ ಸೂರ್ಯನೇ ಇಲ್ಲ. ಏಪ್ರಿಲಿನದನ್ನು ಮನೆಕೆಲಸ ಕೊಟ್ಟು ಕಳಿಸುತ್ತೇನೆ.

ಸಮಯ ವಲಯವನ್ನೂ ಇದಕ್ಕೇ ಅಂಟಿಸಿ. ನಮ್ಮಲ್ಲಿ ಪ್ರತಿ ಕ್ಲಾಸಿನಲ್ಲಿ ಯಾರದೋ ಅಪ್ಪ, ಮಾಮ ದುಬೈ, ಕುವೈಟ್‌ನಲ್ಲಿ ಇದ್ದೇ ಇರುತ್ತಾರೆ. ಫೋನ್ ಬರುವಾಗ ಅಲ್ಲಿ ಗಂಟೆ ಎಷ್ಟು ಎಂದು ಕೇಳಿಕೊಂಡು ಬರಲಿ. ದುಬೈ ಒಂದೂವರೆ ಗಂಟೆ ಹಿಂದೆ, ಕುವೈಟ್ ಎರಡೂವರೆ.

ಆರನೇ ಕ್ಲಾಸಿಗೆ ಘಾಟಿ, ಏಳಕ್ಕೆ ದ್ವೀಪ

ಆರನೇ ಕ್ಲಾಸಿಗೆ ಇಡೀ ವರ್ಷಕ್ಕೆ ನಾನು ಒಂದೇ ದೊಡ್ಡ ಚಿತ್ರ ಇಟ್ಟುಕೊಂಡಿದ್ದೇನೆ: ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗ ದಾಟಿ ಚಿತ್ರದುರ್ಗದವರೆಗೆ ನೆಲವನ್ನು ಕತ್ತರಿಸಿದಂತೆ ಒಂದು ಗೆರೆ. ಕಡಲಿನ ಮಟ್ಟ ಸೊನ್ನೆ, ಆಗುಂಬೆ ಸುಮಾರು 650 ಮೀಟರ್, ಶಿವಮೊಗ್ಗ ಸುಮಾರು 570. ಕೆಳಗೆ ಅದೇ ಊರುಗಳ ಮಳೆ: ಉಡುಪಿ 4,000ಕ್ಕೂ ಮೇಲೆ, ಆಗುಂಬೆ 7,000ಕ್ಕೂ ಮೇಲೆ, ಶಿವಮೊಗ್ಗ ಸಾವಿರದ ಆಸುಪಾಸು, ಚಿತ್ರದುರ್ಗ 600ರ ಹತ್ತಿರ. ಗೋಡೆ ಏರಿದ ಮೋಡ ಅಲ್ಲೇ ಸುರಿದು, ಆಚೆಗೆ ಬರಿಗೈಯಲ್ಲಿ ಹೋಗುವುದು ಈ ಒಂದು ಹಾಳೆಯಲ್ಲಿ ಕಾಣುತ್ತದೆ. ಮಣ್ಣು, ಬೆಳೆ, ಮನೆಯ ಮಾಡು ಎಲ್ಲವನ್ನೂ ಪಾಠ ಬಂದ ಹಾಗೆ ಇದೇ ಗೆರೆಯ ಮೇಲೆ ಬರೆಸುತ್ತೇನೆ. ಇಳಿಜಾರಾದ ಹೆಂಚಿನ ಮಾಡು ಎಲ್ಲಿ ನಿಂತು ಚಪ್ಪಟೆ ಮಾಡು ಎಲ್ಲಿ ಶುರುವಾಗುತ್ತದೆ ಎಂದು ಬಸ್ಸಿನಲ್ಲಿ ಹೋಗಿಬಂದವರು ಹೇಳಲಿ. ನದಿಗೆ ಬಂದಾಗ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲ ತೋರಿಸಿ. ಅದೇ ಬೆಟ್ಟಸಾಲಿನ ತುಂಗಾ, ಭದ್ರಾ ಮೂಡಣಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ, ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ.

ಏಳನೇ ಕ್ಲಾಸಿಗೆ ಖಂಡಗಳು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ: ಎಲ್ಲ ದೇಶವನ್ನೂ ಸಮನಾಗಿ ಹಂಚಿದರೆ ಯಾವುದೂ ಉಳಿಯುವುದಿಲ್ಲ. ಎರಡು ಆರಿಸಿಕೊಂಡು ಆಳಕ್ಕೆ ಹೋಗಿ. ನನ್ನ ಎರಡು ನೆದರ್ಲೆಂಡ್ಸ್ ಮತ್ತು ಮಡಗಾಸ್ಕರ್. ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ನೋಡಿದ ಮಕ್ಕಳಿಗೆ, ನೆಲದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿರುವ ದೇಶ ಅಚ್ಚರಿಯ ಜೊತೆಗೆ ಪರಿಚಯವೂ ಆಗುತ್ತದೆ. ಮಡಗಾಸ್ಕರಿಗೆ ದಾರಿ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಲಾವಾ ಆರಿ ಬಿರುಕು ಬಿಟ್ಟು ಆದವು.

ಮಲ್ಪೆಯಿಂದ ದೋಣಿ ಮಳೆಗಾಲದಲ್ಲಿ ಇಲ್ಲ, ಹಾಗಾಗಿ ಪ್ರವಾಸವನ್ನು ಡಿಸೆಂಬರಿಗೆ ಬರೆದುಕೊಳ್ಳಿ. ಹೊರಡುವ ಮೊದಲು ನೀರಿನ ಇಳಿತ ಯಾವ ಹೊತ್ತಿಗೆ ಎಂದು ವಿಚಾರಿಸಿ. ಕೈಗೆ ಒಂದೇ ಕೆಲಸ ಕೊಡಿ: ಹತ್ತು ಕಂಬ ಆರಿಸಿ ಪ್ರತಿಯೊಂದಕ್ಕೂ ಎಷ್ಟು ಬದಿ ಎಂದು ಎಣಿಸಿ ಬರೆಯಿರಿ. ಐದು, ಆರು, ಏಳು ಸಿಗುತ್ತವೆ. ಕೆಲಸ ಕೊಡದೆ ಕರೆದುಕೊಂಡು ಹೋದ ವರ್ಷ ನಮ್ಮ ಮಕ್ಕಳ ವರದಿಯಲ್ಲಿ ಐಸ್‌ಕ್ರೀಮ್ ಬಿಟ್ಟು ಬೇರೇನೂ ಇರಲಿಲ್ಲ.

ಕಾಗದದ ಕೆಲಸ

ಪಾಠದ ಕ್ರಮ ಬದಲಿಸಿದ್ದಕ್ಕೆ ಒಮ್ಮೆ ತಪಾಸಣೆಗೆ ಬಂದವರು ಮುಖ ಗಂಟಿಕ್ಕಿದರು. ಒಂದನೇ ಪಾಠ ಜೂನ್‌ನಲ್ಲಿ ಯಾಕಿಲ್ಲ ಅಂತ. ಅಂದಿನಿಂದ ಕ್ರಿಯಾ ಯೋಜನೆಯಲ್ಲಿ ಪ್ರತಿ ಸಾಲಿನ ಪಕ್ಕ ಪುಸ್ತಕದ ಪಾಠದ ಸಂಖ್ಯೆ, ಕೊನೆಯಲ್ಲಿ ಕಾರಣ ಬರೆಯಲು ಒಂದು ಚಿಕ್ಕ ಕಾಲಂ. "ತಾಂಡೇಲರು ಜುಲೈಯಲ್ಲಿ ಮಾತ್ರ ಸಿಗುತ್ತಾರೆ" ಎಂದು ಬರೆದಿದ್ದೇನೆ. ಆಮೇಲೆ ಯಾರೂ ಕೇಳಿಲ್ಲ. ಪರೀಕ್ಷೆಯ ಮೊದಲು ಯಾವ ಪಾಠ ಮುಗಿದಿರಬೇಕು ಎಂಬುದನ್ನು ಮಾತ್ರ ಕೆಂಪು ಗೆರೆ ಎಳೆದು ನೋಡಿಕೊಳ್ಳಿ, ಅದರಲ್ಲಿ ಸಡಿಲ ಬಿಡುವಂತಿಲ್ಲ.

ಕಲಿತರೋ ಇಲ್ಲವೋ ಎಂದು ತಿಳಿಯಲು ಜೂನ್ ಮೊದಲ ವಾರ ಒಂದು ಖಾಲಿ ಹಾಳೆ ಕೊಡಿ. ಮನೆಯಿಂದ ಶಾಲೆಗೆ ಬರುವ ದಾರಿ ಬಿಡಿಸಲಿ. ಹೆಸರು ಬರೆಸಿ ಬೀರುವಿನಲ್ಲಿಡಿ. ಮಾರ್ಚಿನಲ್ಲಿ ಅದೇ ದಾರಿಯನ್ನು ಮತ್ತೆ ಬಿಡಿಸಲಿ, ಆಮೇಲೆ ಎರಡನ್ನೂ ಅವರ ಕೈಗೇ ಕೊಡಿ. ಕಳೆದ ವರ್ಷ ಒಬ್ಬನ ಜೂನ್ ಹಾಳೆಯಲ್ಲಿ ಮನೆ, ರಸ್ತೆ, ಶಾಲೆ, ಒಂದು ನಾಯಿ ಇತ್ತು. ಮಾರ್ಚಿನದರಲ್ಲಿ ತೋಡು ಯಾವ ಕಡೆಗೆ ಹರಿಯುತ್ತದೆ ಎಂದು ಬಾಣದ ಗುರುತು ಇತ್ತು, ಬಡಗು ದಿಕ್ಕು ಇತ್ತು, ಹೆಜ್ಜೆಯ ಲೆಕ್ಕದಲ್ಲಿ ಅಳತೆ ಇತ್ತು. ನಾಯಿಯೂ ಇತ್ತು, ಅದೇ ಜಾಗದಲ್ಲಿ.